ತರಬೇತುದಾರನ ಗೆಲವು–ಸೋಲು: ಒಂದು ವಿಚಾರ

ಗೆದ್ದವನನ್ನು ಹೊಗಳುವುದೂ ಸೋತವನನ್ನು ಹಳಿಯುವುದೂ ಲೋಕರೂಢಿ. ಆದರೆ ಒಬ್ಬನೇ ಮನುಷ್ಯನು ಒಂದು ಊರಿನಲ್ಲಿ ಗೆದ್ದು, ಅದಕ್ಕಿಂತ ದೊಡ್ಡ ಹೆಸರುಳ್ಳ ಮತ್ತೊಂದು ಊರಿಗೆ ಹೋಗಿ ಅಲ್ಲಿ ಸೋತನೆಂದರೆ ಆಗ ಏನೆನ್ನಬೇಕು? ಮೊದಲಿನ ಗೆಲವು ಅವನದಾಗಿರಲಿಲ್ಲವೆನ್ನೋಣವೇ? ಅಥವಾ ನಂತರದ ಸೋಲಿಗೆ ಅವನು ಹೊಣೆಯಲ್ಲವೆನ್ನೋಣವೇ? ಈ ಪ್ರಶ್ನೆಯನ್ನು ಬೆಂಗಳೂರು ಫುಟ್‌ಬಾಲ್ ತಂಡದ ಹಿಂದಿನ ತರಬೇತುದಾರ ಕಾರ್ಲೆಸ್ ಕ್ವಾದ್ರಾತ್ ಅವರ ಉದಾಹರಣೆಯಿಂದ ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನನ್ನ ಊರು ಕಲಘಟಗಿ ತಾಲೂಕಿನ ಬಮ್ಮಿಗಟ್ಟಿ. ನಮ್ಮ ಹುಡುಗರು ಕಬಡ್ಡಿಯನ್ನು ಮೈಯಿಂದ ಬಲ್ಲರು. ಫುಟ್‌ಬಾಲನ್ನು ಕಣ್ಣಿನಿಂದ ಮಾತ್ರ ಬಲ್ಲರು. ಮೊಬೈಲಿನ ಪರದೆಯ ಮೇಲೆ ಪಂದ್ಯ ನೋಡಿ ಕಟ್ಟೆಯ ಮೇಲೆ ಕುಳಿತು ವಾದಿಸುವುದರಲ್ಲಿ ಮಾತ್ರ ನಾವು ಯಾರಿಗೂ ಹಿಂದಿಲ್ಲ. ಕ್ವಾದ್ರಾತ್ ಅವರ ಮಾತು ಬಂದಾಗಲೆಲ್ಲ ನಮ್ಮಲ್ಲಿ ಎರಡು ಪಕ್ಷಗಳಾಗುತ್ತವೆ. "ಛೇತ್ರಿ ಇದ್ದಮ್ಯಾಲ ಯಾರ ಕುಂತ್ರೂ ತಂಡ ಗೆಲ್ಲತಿತ್ತ ಬಿಡೋ, ಇವಂದೇನ ದೊಡ್ಡಸ್ತಿಕಿ?" ಎಂದು ಒಂದು ಪಕ್ಷ. "ಹಂಗಲ್ಲಪಾ, ಕಲಕತ್ತಾದವ್ರು ಆ ಮನಶ್ಯಾನ ಕೈಕಾಲ ಕಟ್ಟಿ ನೀರಿಗಿ ಒಗದ್ರು" ಎಂದು ಇನ್ನೊಂದು ಪಕ್ಷ. ಈ ಎರಡು ಮಾತುಗಳನ್ನೂ ಒರೆಗೆ ಹಚ್ಚಿ ನೋಡೋಣ.

ಮೊದಲು ಸಂಗತಿಗಳು. ಬೆಂಗಳೂರು ಎಫ್.ಸಿ. ಹುಟ್ಟಿದ್ದು 2013ರಲ್ಲಿ. ಅದು ಇಂಡಿಯನ್ ಸೂಪರ್ ಲೀಗನ್ನು ಸೇರಿದ 2017–18ರ ಋತುವಿನಲ್ಲಿ ಸ್ಪೇನ್ ದೇಶದ ಆಲ್ಬರ್ಟ್ ರೋಕಾ ಮುಖ್ಯ ತರಬೇತುದಾರರಾಗಿದ್ದರು. ಬಾರ್ಸಿಲೋನಾದ ಕ್ವಾದ್ರಾತ್ ಅವರ ಸಹಾಯಕರಾಗಿದ್ದರು. ರೋಕಾ ಹೋದ ಮೇಲೆ 2018ರಲ್ಲಿ ಕ್ವಾದ್ರಾತ್ ಮುಖ್ಯರಾದರು. ಮೊದಲ ವರ್ಷವೇ, 2019ರ ಮಾರ್ಚ್ 17ರಂದು ಮುಂಬಯಿಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಹೆಚ್ಚುವರಿ ವೇಳೆಯ ಕೊನೆಗೆ ರಾಹುಲ್ ಭೇಕೆ ತಲೆಯಿಂದ ಹೊಡೆದ ಒಂದೇ ಗೋಲಿನಿಂದ ಗೋವಾ ತಂಡವನ್ನು ಸೋಲಿಸಿ ಬೆಂಗಳೂರು ಪ್ರಶಸ್ತಿ ಪಡೆಯಿತು. ಮರುವರ್ಷ ಮೂರನೆಯ ಸ್ಥಾನ. ಮೂರನೆಯ ಋತುವಿನಲ್ಲಿ ಸಾಲಾಗಿ ಮೂರು ಪಂದ್ಯ ಸೋತ ಮೇಲೆ, 2021ರ ಜನವರಿ 6ರಂದು ಅವರಿಗೂ ತಂಡಕ್ಕೂ ಸಂಬಂಧ ಮುಗಿಯಿತು.

2023ರ ಏಪ್ರಿಲ್‌ನಲ್ಲಿ ಅವರು ಕಲಕತ್ತೆಯ ಈಸ್ಟ್ ಬೆಂಗಾಲ್ ತಂಡಕ್ಕೆ ಬಂದರು. 1920ರಲ್ಲಿ ಸ್ಥಾಪಿತವಾದ ಈ ಕ್ಲಬ್ಬು, ಪೂರ್ವ ಬಂಗಾಳದಿಂದ ವಲಸೆ ಬಂದ ಜನ ತಮ್ಮ ಮನೆತನದ ಮರ್ಯಾದೆಯೆಂದೇ ತಿಳಿದು ಬೆಂಬಲಿಸಿದ ಸಂಸ್ಥೆ. 2024ರ ಜನವರಿ 28ರಂದು ಭುವನೇಶ್ವರದಲ್ಲಿ ಒಡಿಶಾ ತಂಡವನ್ನು 3–2ರಿಂದ ಸೋಲಿಸಿ ಅವರು ಸೂಪರ್ ಕಪ್ ಗೆದ್ದುಕೊಟ್ಟರು. 2012ರ ಫೆಡರೇಶನ್ ಕಪ್ಪಿನ ನಂತರ ಆ ಕ್ಲಬ್ಬಿಗೆ ದೊರೆತ ಮೊದಲ ರಾಷ್ಟ್ರಮಟ್ಟದ ಪ್ರಶಸ್ತಿ ಅದು. ಆದರೆ ಲೀಗಿನಲ್ಲಿ ದೊರೆತದ್ದು ಒಂಬತ್ತನೆಯ ಸ್ಥಾನ. ಮುಂದಿನ ಋತುವಿನ ಮೊದಲ ಮೂರು ಪಂದ್ಯಗಳೂ ಸೋಲಾದವು. ಅದರಲ್ಲಿ ಮೊದಲನೆಯದು 2024ರ ಸೆಪ್ಟೆಂಬರ್ 14ರಂದು ನಮ್ಮ ಕಂಠೀರವ ಕ್ರೀಡಾಂಗಣದಲ್ಲಿಯೇ. ವಿನೀತ್ ವೆಂಕಟೇಶ್ ಎಂಬ ಯುವಕ ಹೊಡೆದ ಒಂದು ಗೋಲು ಹಳೆಯ ಗುರುವನ್ನು ಸೋಲಿಸಿತು. ಆಮೇಲೆ ಕೊಚ್ಚಿಯಲ್ಲಿ ಸೋಲು, ಮನೆಯಂಗಳದಲ್ಲಿ ಗೋವಾದ ಎದುರು ಸೋಲು. ಸೆಪ್ಟೆಂಬರ್ 30ರಂದು ಕ್ವಾದ್ರಾತ್ ಹುದ್ದೆ ಬಿಟ್ಟರು.

ಈಗ ಮೊದಲನೆಯ ಪಕ್ಷದ ವಾದವನ್ನು ತೆಗೆದುಕೊಳ್ಳೋಣ. ಲೀಗಿನಲ್ಲಿ ಗೆದ್ದರೆ 3 ಅಂಕ, ಸಮವಾದರೆ 1 ಅಂಕವೆಂಬುದು ಎಲ್ಲರೂ ಬಲ್ಲ ಸಂಗತಿ. ರೋಕಾ ಅವರ ಕೈಯಲ್ಲಿ 2017–18ರಲ್ಲಿ ಬೆಂಗಳೂರು 18 ಪಂದ್ಯಗಳಿಂದ 40 ಅಂಕ ಗಳಿಸಿತ್ತು. ಕ್ವಾದ್ರಾತ್ ಅವರ ಕೈಯಲ್ಲಿ ಮೊದಲ ವರ್ಷ ಅಷ್ಟೇ ಪಂದ್ಯಗಳಿಂದ 34, ಎರಡನೆಯ ವರ್ಷ 30, ಮೂರನೆಯ ವರ್ಷ ಅವರು ಇದ್ದಷ್ಟು ದಿನದ 9 ಪಂದ್ಯಗಳಿಂದ 12. ಪಂದ್ಯವೊಂದಕ್ಕೆ ಸರಾಸರಿ ಹಾಕಿದರೆ 2.22ರಿಂದ 1.89, ಅಲ್ಲಿಂದ 1.67, ಅಲ್ಲಿಂದ 1.33. ಪ್ರಶಸ್ತಿ ಬಂದ ವರ್ಷವೂ ಈ ಇಳಿಜಾರಿನ ನಡುವೆಯೇ ಇದೆ. ಅವರು ಹೊಲ ಉತ್ತು ಬೀಜ ಬಿತ್ತಿದವರಲ್ಲ; ಬೆಳೆದು ನಿಂತ ಪೈರಿನ ನಡುವೆ ಬಂದವರು. ಸುನೀಲ್ ಛೇತ್ರಿ, ಗುರ್‌ಪ್ರೀತ್ ಸಿಂಗ್ ಸಂಧು, ಮೀಕು ಮೊದಲಾದವರೆಲ್ಲ ಆಗಲೇ ಒಟ್ಟಿಗೆ ಆಡಿ ಹದವಾಗಿದ್ದರು. ಇಷ್ಟರಮಟ್ಟಿಗೆ ಮೊದಲನೆಯ ಪಕ್ಷದ ಮಾತು ನಿಜ.

ಆದರೆ ಆ ಪಕ್ಷದವರು ಒಂದು ಸಂಗತಿಯನ್ನು ಬಿಡುತ್ತಾರೆ. ಕ್ವಾದ್ರಾತ್ ಹೋದ ಮೇಲೆ ಅದೇ ಋತುವಿನಲ್ಲಿ ಉಳಿದ 11 ಪಂದ್ಯಗಳಿಂದ ಬೆಂಗಳೂರಿಗೆ ದೊರೆತದ್ದು 10 ಅಂಕ ಮಾತ್ರ. ಅಂದರೆ ಸರಾಸರಿ 0.91. ಸ್ಥಾನ ಏಳನೆಯದು. ಛೇತ್ರಿ ಇದ್ದರು, ಸಂಧು ಇದ್ದರು, ಆದರೂ ತಂಡ ಗೆಲ್ಲಲಿಲ್ಲ. ಹಾಗಾದರೆ "ಯಾರು ಕುಳಿತರೂ ಗೆಲ್ಲುತ್ತಿತ್ತು" ಎಂಬ ಮಾತು ನಿಲ್ಲುವುದಿಲ್ಲ. ಪೈರು ಬೆಳೆದಿದ್ದರೂ ಕಾಯುವವನೊಬ್ಬ ಬೇಕೇಬೇಕು. ರಾಶಿ ಮನೆಗೆ ಬಂದ ಮೇಲೆ ಕಾದವನನ್ನು ಮರೆಯುವುದು ನ್ಯಾಯವಲ್ಲ.

ಇನ್ನು ಎರಡನೆಯ ಪಕ್ಷದ ವಾದ: ದೊಡ್ಡ ಕ್ಲಬ್ಬು ಅವರನ್ನು ಕೆಡಿಸಿತೆಂಬುದು. ಇಲ್ಲಿ "ದೊಡ್ಡ" ಎಂಬ ಶಬ್ದವನ್ನೇ ಬಿಡಿಸಿ ನೋಡಬೇಕು. ಹೆಸರಿನಿಂದ ದೊಡ್ಡದಾಗಿರುವುದು ಒಂದು. ತಂಡದ ಬಲದಿಂದ ದೊಡ್ಡದಾಗಿರುವುದು ಮತ್ತೊಂದು. ಈಸ್ಟ್ ಬೆಂಗಾಲ್ 2020ರಲ್ಲಿ ಲೀಗನ್ನು ಸೇರಿತು. ಕ್ವಾದ್ರಾತ್ ಬರುವುದಕ್ಕೆ ಮುಂಚಿನ ಮೂರು ಋತುಗಳಲ್ಲಿ, 11 ತಂಡಗಳ ನಡುವೆ, ಅದರ ಸ್ಥಾನ ಕ್ರಮವಾಗಿ ಒಂಬತ್ತು, ಹನ್ನೊಂದು, ಒಂಬತ್ತು. ಅಂಕಗಳು 20 ಪಂದ್ಯಗಳಿಗೆ 17, 11 ಮತ್ತು 19. ಇಂಗ್ಲೆಂಡಿನ ಹೆಸರಾಂತ ಆಟಗಾರ ರಾಬ್ಬಿ ಫೌಲರ್ ಅಲ್ಲಿ ತರಬೇತುದಾರರಾಗಿದ್ದರು; ಭಾರತ ತಂಡವನ್ನೇ ನಡೆಸಿದ್ದ ಸ್ಟೀಫನ್ ಕಾನ್‌ಸ್ಟಂಟೈನ್ ಆಗಿದ್ದರು. ಹಣ ಹೂಡುವ ಸಂಸ್ಥೆ 2020ರಲ್ಲಿ ಒಂದು, 2022ರಲ್ಲಿ ಇನ್ನೊಂದು. ಹೀಗೆ ಹೆಸರು ನೂರು ವರ್ಷದ್ದು; ತಂಡವಾದರೋ ವರ್ಷವರ್ಷವೂ ಹೊಸದಾಗಿ ಕಟ್ಟಬೇಕಾದದ್ದು. ಹೆಸರು ಬೇಡಿಕೆಯನ್ನು ಹೆಚ್ಚಿಸುತ್ತದೆ. ಬೇಡಿಕೆಯನ್ನು ಈಡೇರಿಸುವ ಸಾಧನವನ್ನು ಅದು ಕೊಡುವುದಿಲ್ಲ.

ಆ ಸ್ಥಿತಿಯಲ್ಲಿ ಕ್ವಾದ್ರಾತ್ ಅವರ ಪೂರ್ಣ ಋತುವಿನಲ್ಲಿ 22 ಪಂದ್ಯಗಳಿಂದ 24 ಅಂಕ ಬಂದವು. ಸರಾಸರಿ 1.09, ಹಿಂದಿನ ವರ್ಷ 0.95 ಇತ್ತು. ಸ್ಥಾನ ಒಂಬತ್ತೇ ಆದರೂ ಈಗ ತಂಡಗಳು 12. ಸ್ಥಾನವನ್ನು ಮಾತ್ರ ನೋಡುವವನಿಗೆ ಏನೂ ಬದಲಾಗಲಿಲ್ಲವೆಂದು ತೋರುತ್ತದೆ. ಅಂಕವನ್ನು ನೋಡುವವನಿಗೆ ಸ್ವಲ್ಪ ಏರಿಕೆ ಕಾಣುತ್ತದೆ. ಅದೇ ವರ್ಷ ಬೆಂಗಳೂರು ತಂಡವೇ 22 ಅಂಕಗಳಿಂದ ಹತ್ತನೆಯ ಸ್ಥಾನಕ್ಕೆ ಇಳಿದಿತ್ತೆಂಬುದನ್ನೂ ನಮ್ಮ ಕಡೆಯ ಅಭಿಮಾನಿಗಳು ಮರೆಯಬಾರದು.

ಆದರೆ ಎರಡನೆಯ ಪಕ್ಷಕ್ಕೂ ಪೂರ್ಣ ಜಯ ಸಲ್ಲದು. ಅವರ ಕೈಕಾಲನ್ನು ಯಾರೂ ಪೂರಾ ಕಟ್ಟಿರಲಿಲ್ಲ. ಬೆಂಗಳೂರಿನಲ್ಲಿ ಅವರ ಕೈಕೆಳಗೆ ಆಡಿದ್ದ ಹರ್ಮನ್‌ಜೋತ್ ಖಾಬ್ರಾ, ನಿಶು ಕುಮಾರ್ ಮೊದಲಾದವರು 2023ರಲ್ಲಿ ಅಲ್ಲಿಗೂ ಬಂದರು. ಅದೇ ವೇಳೆಗೆ ಬೋರ್ಹಾ ಹೆರೇರಾ ಎಂಬ ಸ್ಪೇನಿನ ಆಟಗಾರ ಋತುವಿನ ನಡುವೆ ಈಸ್ಟ್ ಬೆಂಗಾಲ್ ಬಿಟ್ಟು ಗೋವಾಕ್ಕೆ ಹೋದ. ಕ್ವಾದ್ರಾತ್ ಅವರ ಕೊನೆಯ ಪಂದ್ಯದಲ್ಲಿ ಗೋವಾ 3–2ರಿಂದ ಗೆದ್ದಾಗ ಆ ಮೂರೂ ಗೋಲು ಹೊಡೆದವನು ಅವನೇ. ಇದಲ್ಲದೆ, ಮೂರು ಸಾಲು ಸೋಲಿನ ನಂತರ ನಿರ್ಗಮನವೆಂಬ ಸಂಗತಿ ಕಲಕತ್ತೆಯಲ್ಲಿ ಹುಟ್ಟಿದ್ದಲ್ಲ. ಬೆಂಗಳೂರಿನಲ್ಲಿಯೂ ಹಾಗೆಯೇ ಆಗಿತ್ತು. ಕಷ್ಟವು ದೊಡ್ಡ ಕ್ಲಬ್ಬಿನಲ್ಲಿ ಆರಂಭವಾಯಿತೆಂದು ಹೇಳಲು ಲೆಕ್ಕ ಒಪ್ಪುವುದಿಲ್ಲ.

ಇನ್ನೊಂದು ಸೂಕ್ಷ್ಮ. ಸೂಪರ್ ಕಪ್ಪಿನಲ್ಲಿ ಅವರ ತಂಡ ಮೂರು ವಾರದೊಳಗೆ ಐದು ಪಂದ್ಯಗಳನ್ನು ಆಡಿ ಐದನ್ನೂ ಗೆದ್ದಿತು. ಅದರಲ್ಲಿ ಮೋಹನ್ ಬಗಾನ್ ಮೇಲಿನ 3–1ರ ಗೆಲವೂ ಒಂದು. ಅದೇ ತಂಡ ಲೀಗಿನ ಆರು ತಿಂಗಳ ಹಾದಿಯಲ್ಲಿ ಬಳಲಿತು. ಕಪ್ಪಿನ ಆಟ ಜಾತ್ರೆಯ ಕುಸ್ತಿಯಂತೆ. ಆ ದಿನದ ಪಟ್ಟು, ಆ ದಿನದ ಧೈರ್ಯ ಸಾಕು. ಲೀಗು ಬೇಸಾಯದಂತೆ, ಮಳೆ ತಪ್ಪಿದರೂ, ಎತ್ತಿಗೆ ಕಾಲುನೋವು ಬಂದರೂ ಕೆಲಸ ನಡೆಯಬೇಕು, ಅದಕ್ಕೆ ಮನೆಯಲ್ಲಿ ಹೆಚ್ಚಿನ ಕೈಗಳಿರಬೇಕು. ಹದಿನೈದು ಒಳ್ಳೆಯ ಆಟಗಾರರಿದ್ದರೆ ಕಪ್ ಗೆಲ್ಲಬಹುದು. ಲೀಗಿಗೆ ಅಷ್ಟು ಸಾಲದು.

ಅವರ ನಂತರ ಏನಾಯಿತು? ತಂಡ ಇನ್ನೂ ಮೂರು ಪಂದ್ಯ ಸೋತು, ಋತುವಿನ ಮೊದಲ ಆರೂ ಸೋಲಾದವು. ಬಳಿಕ ಓಸ್ಕರ್ ಬ್ರೂಸೋನ್ ಅವರ ಕೈಯಲ್ಲಿ ನಿಧಾನವಾಗಿ ಚೇತರಿಸಿಕೊಂಡಿತು. ಕ್ವಾದ್ರಾತ್ ಹೋದ ಮೇಲಿನ 21 ಪಂದ್ಯಗಳಲ್ಲಿ 28 ಅಂಕ, ಸರಾಸರಿ 1.33. ಅಂತಿಮ ಸ್ಥಾನ, 13 ತಂಡಗಳಲ್ಲಿ, ಮತ್ತೆ ಒಂಬತ್ತೇ! ವಾಚಕರು ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಬೆಂಗಳೂರಿನಲ್ಲಿ 1.33ರ ಸರಾಸರಿಗೆ ಕ್ವಾದ್ರಾತ್ ಅವರ ಹುದ್ದೆ ಹೋಯಿತು. ಕಲಕತ್ತೆಯಲ್ಲಿ ಅದೇ 1.33 ಎಂಬುದು ಆ ತಂಡದ ಹಿಂದಿನ ನಾಲ್ಕು ಋತುಗಳ ಯಾವ ಸರಾಸರಿಗಿಂತಲೂ ಮೇಲಾಗಿತ್ತು. ಅಂಕ ಒಂದೇ, ಅಳತೆಗೋಲು ಬೇರೆ.

ಹೊರದೇಶದಲ್ಲಿಯೂ ಇಂಥ ಉದಾಹರಣೆಗಳುಂಟು. ಡೇವಿಡ್ ಮೋಯೆಸ್ ಎಂಬವರು ಎವರ್ಟನ್ ತಂಡವನ್ನು 2002ರಿಂದ 2013ರ ವರೆಗೆ ಮೆಚ್ಚುವಂತೆ ನಡೆಸಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೋದರು. ಅದು ಹೆಸರಿನಿಂದಲೂ ಬಲದಿಂದಲೂ ದೊಡ್ಡದು, ಹಿಂದಿನ ವರ್ಷದ ಚಾಂಪಿಯನ್ ತಂಡ. ಆದರೂ ಹತ್ತು ತಿಂಗಳು ತುಂಬುವ ಮೊದಲೇ, 2014ರ ಏಪ್ರಿಲ್‌ನಲ್ಲಿ, ಅವರನ್ನು ತೆಗೆದರು. ಮುಂದೆ 2023ರಲ್ಲಿ ವೆಸ್ಟ್ ಹ್ಯಾಮ್ ತಂಡಕ್ಕೆ ಅವರೇ ಯುರೋಪಿನ ಒಂದು ಪ್ರಶಸ್ತಿ ಗೆದ್ದುಕೊಟ್ಟರು. ದೊಡ್ಡ ಮನೆಯಲ್ಲಿ ಸೋತವನ ವಿದ್ಯೆ ಅಲ್ಲಿಗೇ ಮುಗಿಯಿತೆಂದು ತಿಳಿಯುವುದು ಅವಸರದ ತೀರ್ಪು.

ನಮ್ಮ ಜಿಲ್ಲೆಯ ರೈತರಿಗೆ ಇದು ಹೊಸ ಪಾಠವಲ್ಲ. ನವಲಗುಂದ, ಅಣ್ಣಿಗೇರಿಯ ಎರಿಭೂಮಿಯಲ್ಲಿ ಕಡಲೆ, ಜೋಳ ಬೆಳೆದು ಹೆಸರಾದವನನ್ನು ಕರೆತಂದು ನಮ್ಮ ಕಲಘಟಗಿಯ ಭತ್ತದ ಗದ್ದೆಯಲ್ಲಿ ನಿಲ್ಲಿಸಿದರೆ, ಅವನ ವಿದ್ಯೆ ಸುಳ್ಳಾಗುವುದಿಲ್ಲ; ಆದರೆ ಮಣ್ಣು ಬೇರೆ, ಮಳೆ ಬೇರೆ. ಅವನು ಹೊಸ ಮಣ್ಣನ್ನು ಎಷ್ಟು ಬೇಗ ಅರಿತನೆಂಬುದೇ ಅವನ ಪರೀಕ್ಷೆ. ಅದಕ್ಕಾಗಿ ತೀರ್ಪು ಕೊಡುವ ಮುಂಚೆ ನಾಲ್ಕು ಪ್ರಶ್ನೆ ಕೇಳಬೇಕೆಂದು ನನ್ನ ಅಭಿಪ್ರಾಯ. ಒಂದು: ಅವನು ಬರುವಾಗ ಅಲ್ಲಿ ಏನಿತ್ತು? ಎರಡು: ಅವನ ಕಾಲದಲ್ಲಿ ಏನು ಹೆಚ್ಚಿತು, ಏನು ಕುಂದಿತು? ಮೂರು: ಅವನು ಹೋದ ಮೇಲೆ ಏನಾಯಿತು? ನಾಲ್ಕು: ನಾವು ಹಿಡಿದ ಅಳತೆಗೋಲು ಯಾವುದು? ಈ ನಾಲ್ಕರಿಂದ ನೋಡಿದರೆ ಕ್ವಾದ್ರಾತ್ ಅವರು ಕಟ್ಟಿದ ತಂಡವನ್ನು ಕೆಲವು ಕಾಲ ಚೆನ್ನಾಗಿ ಕಾಯಬಲ್ಲವರು, ಸಣ್ಣ ಅವಧಿಯ ಪಂದ್ಯಾಟಗಳನ್ನು ಗೆಲ್ಲಬಲ್ಲವರು. ಆದರೆ ಈ ಎರಡು ಕ್ಲಬ್ಬುಗಳಲ್ಲಿ ಹಳೆಯ ತಂಡ ಸವೆದಾಗ ಹೊಸದನ್ನು ಕಟ್ಟಿ ನಿಲ್ಲಿಸಲಾರದೆ ಹೋದವರು. ಇದು ಹೊಗಳಿಕೆಯೂ ಅಲ್ಲ, ತೆಗಳಿಕೆಯೂ ಅಲ್ಲ; ಲೆಕ್ಕ.

ಸಹಪಾಠಿಗಳೇ, ಇದು ಬರಿಯ ಆಟದ ಮಾತೆಂದು ತಿಳಿಯಬೇಡಿರಿ. ಒಂದು ಊರಿನಿಂದ ಇನ್ನೊಂದು ಊರಿಗೆ ವರ್ಗವಾಗಿ ಬರುವ ಗುರುಗಳನ್ನು ನಾವು ಆ ವರ್ಷದ ಫಲಿತಾಂಶದ ಒಂದೇ ಅಂಕಿಯಿಂದ ತೂಗುತ್ತೇವೆ. ಹಳ್ಳಿಯ ಕನ್ನಡ ಶಾಲೆಯಲ್ಲಿ ಮೊದಲಿಗನಾಗಿದ್ದ ಹುಡುಗ ಕಾಲೇಜಿಗೆ ಬಂದು ಮೊದಲ ಪರೀಕ್ಷೆಯಲ್ಲಿ ಹಿಂದೆ ಬಿದ್ದರೆ, ಅವನ ಹಿಂದಿನ ಜಾಣತನವನ್ನೇ ಸಂಶಯಿಸುತ್ತೇವೆ. ಕೆಲವೊಮ್ಮೆ ಅವನೇ ತನ್ನನ್ನು ಸಂಶಯಿಸಿ ಪುಸ್ತಕ ಕಟ್ಟಿಟ್ಟು ಊರಿಗೆ ಮರಳುತ್ತಾನೆ. ಅಂಥವನ ವಿಷಯದಲ್ಲಿಯೂ ಮೇಲಿನ ನಾಲ್ಕು ಪ್ರಶ್ನೆಗಳನ್ನು ಕೇಳುವ ತಾಳ್ಮೆ ನಮಗಿದ್ದರೆ, ಒಬ್ಬನಾದರೂ ಮರಳದೆ ಉಳಿದಾನು. ಫುಟ್‌ಬಾಲ್ ತರಬೇತುದಾರನಿಗೆ ಮತ್ತೊಂದು ಕ್ಲಬ್ಬು ಸಿಗುತ್ತದೆ. ನಮ್ಮ ಊರಿನ ಹುಡುಗನಿಗೆ ಮತ್ತೊಂದು ಕಾಲೇಜು ಅಷ್ಟು ಸುಲಭವಾಗಿ ಸಿಗುವುದಿಲ್ಲ.