ಗೆಳೆಯನೊಡನೆ ಕಲಿಯುವ ಲೆಕ್ಕ

ಐವತ್ತೆರಡರಲ್ಲಿ ಇಪ್ಪತ್ತೇಳನ್ನು ಕಳೆದರೆ ಉಳಿಯುವುದೆಷ್ಟು? ಗೋಕಾಕ ತಾಲ್ಲೂಕಿನ ಅಂಕಲಗಿಯಂತಹ ಊರಿನ ಪ್ರಾಥಮಿಕ ಶಾಲೆಯಲ್ಲಿ ಇಬ್ಬರು ಬಾಲಕರು ಈ ಲೆಕ್ಕವನ್ನು ಮಾಡುತ್ತಿರುವರೆಂದು ಊಹಿಸಿಕೊಳ್ಳಿರಿ. ಒಬ್ಬನ ಉತ್ತರ 35, ಇನ್ನೊಬ್ಬನದು 25. ಗುರುಗಳು ಮೊದಲನೆಯದನ್ನು ಹೊಡೆದುಹಾಕಿದರೆ, ಹುಡುಗನಿಗೆ ತನ್ನ ಉತ್ತರ ತಪ್ಪೆಂದು ತಿಳಿಯುವುದೇ ಹೊರತು ಏಕೆ ತಪ್ಪೆಂಬುದು ತಿಳಿಯದು. ಗೆಳೆಯನು, "ಎರಡರಾಗ ಏಳು ಹ್ಯಾಂಗ ಹೋದುವಲೇ?" ಎಂದು ಕೇಳಿದನೆನ್ನೋಣ. "ಏಳರಾಗ ಎರಡು ತಗದ್ನಿ" ಎಂಬ ಮಾತಿನಲ್ಲಿಯೇ ದೋಷದ ಮೂಲವು ಬಯಲಾಗುತ್ತದೆ. ಈಗ ಹತ್ತು ಹತ್ತು ಕಡ್ಡಿಗಳ ಐದು ಕಟ್ಟುಗಳನ್ನೂ ಎರಡು ಬಿಡಿ ಕಡ್ಡಿಗಳನ್ನೂ ಮುಂದಿಟ್ಟುಕೊಂಡು ಒಂದು ಕಟ್ಟನ್ನು ಬಿಚ್ಚಿದರೆ, ಬಿಡಿ ಕಡ್ಡಿಗಳು ಹನ್ನೆರಡಾಗುವುವು. ಅದರಲ್ಲಿ ಏಳು ಹೋಗಲು ಐದು; ಉಳಿದ ನಾಲ್ಕು ಕಟ್ಟುಗಳಲ್ಲಿ ಎರಡು ಹೋಗಲು ಎರಡು. ವಿವರಿಸಿದವನಿಗೂ 'ದಶಕ ಬಿಡಿಸುವುದು' ಎಂದರೇನೆಂಬುದು ಬಹುಶಃ ಆಗಲೇ ಸ್ಪಷ್ಟವಾದೀತು.

ಇದು ನಮಗೆ ತೀರ ಹೊಸ ಕ್ರಮವಲ್ಲ. 1823ರಲ್ಲಿ ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ಲನು ಆ ಜಿಲ್ಲೆಯ 533 ಶಾಲೆಗಳನ್ನು ಕುರಿತು ವರದಿ ಬರೆದನು. ಮುಂದುವರಿದ ವಿದ್ಯಾರ್ಥಿಗಳು ಹಿಂದಿನವರಿಗೆ ಕಲಿಸುತ್ತ ತಮ್ಮ ತಿಳಿವನ್ನೂ ಗಟ್ಟಿಮಾಡಿಕೊಳ್ಳುವ ರೀತಿಯನ್ನು ಮೆಚ್ಚಿ, ಇಂಗ್ಲೆಂಡು ಅದನ್ನು ಅನುಕರಿಸಿದ್ದು ಯೋಗ್ಯವೇ ಎಂದನು. ಆದರೆ ಅಲ್ಲಿ ಹಿರಿಯನು ಹೇಳಿಕೊಡುವವನು, ಕಿರಿಯನು ಒಪ್ಪಿಸುವವನು. ಸಮಾನರ ವಾದವೇ ಬೇರೆ.

ಆ ವಾದದ ಬೆಲೆಯನ್ನು 1970ರ ದಶಕದಲ್ಲಿ ಜಿನೀವಾದ ಮನೋವಿಜ್ಞಾನಿಗಳು ಪರೀಕ್ಷಿಸಿದರು. ಅಗಲವಾದ ಲೋಟದ ನೀರನ್ನು ಕಿರಿದಾದ ಲೋಟಕ್ಕೆ ಸುರಿದರೆ ನೀರು ಹೆಚ್ಚಿತೆಂದು ಎಳೆಯ ಮಕ್ಕಳು ಹೇಳುತ್ತಾರಷ್ಟೆ. ಜೊತೆಗಾರರೊಡನೆ ಪಾನಕವನ್ನು ಸಮನಾಗಿ ಹಂಚುವ ಕೆಲಸ ಮಾಡಿದ ಮೇಲೆ, ಅವರಲ್ಲಿ ಹಲವರು ಒಂಟಿಯಾಗಿಯೂ ಸರಿಯಾಗಿ ಯೋಚಿಸತೊಡಗಿದರು. ಸ್ವಾರಸ್ಯವೆಂದರೆ, ಇತರ ಪ್ರಯೋಗಗಳಲ್ಲಿ, ಇಬ್ಬರೂ ತಪ್ಪುತ್ತಿದ್ದರೂ ಅವರ ನೋಟಗಳು ಭಿನ್ನವಾಗಿದ್ದಾಗ ಪ್ರಗತಿ ಕಂಡುಬಂದಿತು!

ಕರ್ನಾಟಕದಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ 'ನಲಿ-ಕಲಿ'ಯು ಮುಂದೆ ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕಲಿಕಾ ಏಣಿಯನ್ನು ತಮ್ಮ ತಮ್ಮ ವೇಗದಲ್ಲಿ ಏರುತ್ತಾರೆ. ಒಂದು ಗುಂಪಿಗೆ ಶಿಕ್ಷಕರ ನೆರವು, ಮತ್ತೊಂದಕ್ಕೆ ಸಹಪಾಠಿಗಳದು. ಹಲವು ತರಗತಿಗಳಿಗೆ ಒಬ್ಬರೇ ಶಿಕ್ಷಕರಿರುವೆಡೆ, ಗುರುಗಳನ್ನು ಕೇಳಲು ಅಂಜುವ ಮಗುವಿಗೆ ಪಕ್ಕದಲ್ಲಿ ಕುಳಿತವನೇ ಆಸರೆ.

ಜಾಣನು ಪಾಟಿಯನ್ನು ಕಸಿದು ಉತ್ತರ ಬರೆದುಕೊಟ್ಟರೆ ಮಾತ್ರ ಎಲ್ಲವೂ ವ್ಯರ್ಥ. ಅಮೆರಿಕದ ನೊರೀನ್ ವೆಬ್ಬರ ಅಧ್ಯಯನಗಳಲ್ಲಿ ಬರಿಯ ಉತ್ತರ ಪಡೆದವರಿಗೆ ಲಾಭವಾಗಲಿಲ್ಲ. ವಿವರಣೆ ಕೊಟ್ಟವರು ಹೆಚ್ಚು ಕಲಿತಿದ್ದರು. ಆದುದರಿಂದ ಅನುಭವಸ್ಥ ಶಿಕ್ಷಕರು ಗುಂಪಿನಲ್ಲಿ ಯಾರನ್ನು ಬೇಕಾದರೂ ಎಬ್ಬಿಸಿ, "ಹೇಗೆ ಬಂತು?" ಎಂದು ಕೇಳುತ್ತಾರೆ.