ಅಧ್ಯಯನ ಪಾಠ: ಕೋಶಾವಸ್ಥೆಯಿಂದ ಕಚ್ಚದ ನುಸಿ ಮತ್ತು ಸೊಳ್ಳೆಗಳನ್ನು ಗುರುತಿಸುವ ಕ್ರಮ

ತೋಟದ ತೊಟ್ಟಿಯಲ್ಲಿ, ಕುಡಿಯುವ ನೀರಿನ ಟ್ಯಾಂಕಿಯಲ್ಲಿ ಅಥವಾ ರಬ್ಬರ್ ಮರದ ಗೆರಟೆಯಲ್ಲಿ ಹುಳು ಆಗಿದೆ ಎಂಬ ದೂರು ಬಂದಾಗ ಗ್ರಾಮ ಪಂಚಾಯತಿ ಸದಸ್ಯರ ಮುಂದೆ ನಿಲ್ಲುವ ಮೊದಲ ಪ್ರಶ್ನೆ, ಅದು ಸೊಳ್ಳೆಯ ಹುಳುವೇ ಅಲ್ಲವೇ ಎಂಬುದು. ಉತ್ತರ ತಪ್ಪಿದರೆ ಎರಡು ಬಗೆಯ ಹಾನಿಯುಂಟು. ನಿರುಪದ್ರವಿ ಕೀಟಕ್ಕಾಗಿ ನೀರಿಗೆ ಕೀಟನಾಶಕ ಬೀಳುತ್ತದೆ. ಇಲ್ಲವೇ ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಯು ಸಾಮಾನ್ಯ ಹುಳುವೆಂಬ ಹೆಸರಿನಲ್ಲಿ ತಪ್ಪಿಸಿಕೊಳ್ಳುತ್ತದೆ. 2024ರಲ್ಲಿ ರಾಜ್ಯ ಸರ್ಕಾರವು ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಉತ್ಪತ್ತಿಗೆ ಎಡೆಮಾಡಿಕೊಡುವ ಗ್ರಾಮೀಣ ಮನೆಗಳಿಗೆ 200 ರೂ. ಹಾಗೂ ವಾಣಿಜ್ಯ ಸ್ಥಳಗಳಿಗೆ 500 ರೂ. ದಂಡವನ್ನು ನಿಗದಿಪಡಿಸಿದೆ. ಆದ್ದರಿಂದ ಸರಿಯಾದ ಗುರುತಿಸುವಿಕೆಯು ಆರೋಗ್ಯದ ವಿಷಯವಾಗಿರುವಂತೆಯೇ ನ್ಯಾಯದ ವಿಷಯವೂ ಆಗಿದೆ.

ಹೆಸರಿನ ಗೊಂದಲ

ಪುತ್ತೂರು, ಸುಳ್ಯ, ಕಡಬ ಭಾಗದ ಆಡುಮಾತಿನಲ್ಲಿ ಸೊಳ್ಳೆಗೂ ನುಸಿ ಎನ್ನುವ ವಾಡಿಕೆಯಿದೆ. ಈ ಪಾಠದಲ್ಲಿ ‘ಕಚ್ಚದ ನುಸಿ’ ಎಂದರೆ ಕೈರೊನೊಮಿಡ್ ಕುಟುಂಬದ ಕೀಟ. ನೋಡಲು ಸೊಳ್ಳೆಯಂತಿದ್ದರೂ ಇದಕ್ಕೆ ರಕ್ತ ಹೀರುವ ಉದ್ದನೆಯ ಸೊಂಡಿಲಿಲ್ಲ. ಇದು ಡೆಂಗ್ಯೂ, ಮಲೇರಿಯಾಗಳನ್ನು ಹರಡುವುದಿಲ್ಲ. ಎರಡೂ ಕೀಟಗಳು ಮೊಟ್ಟೆ, ಲಾರ್ವಾ, ಕೋಶ ಎಂಬ ಮೂರು ಹಂತಗಳನ್ನು ನೀರಿನಲ್ಲಿ ಕಳೆದು ರೆಕ್ಕೆಯ ಕೀಟವಾಗುತ್ತವೆ. ಕಚ್ಚದ ನುಸಿಯ ಹಲವು ಲಾರ್ವಾಗಳು ಕೆಸರಿನಲ್ಲಿ ಸಣ್ಣ ಕೊಳವೆ ಕಟ್ಟಿಕೊಂಡು ಬದುಕುತ್ತವೆ. ಅವುಗಳಲ್ಲಿ ಕೆಲವಕ್ಕೆ ಕೆಂಪು ಬಣ್ಣ ಬರುವುದು ಹಿಮೋಗ್ಲೋಬಿನ್‌ನಿಂದ. ಆಮ್ಲಜನಕ ಕಡಿಮೆಯಿರುವ ಕೆಸರಿನಲ್ಲಿ ಬದುಕಲು ಇದು ನೆರವಾಗುತ್ತದೆ.

ಕೋಶದ ಲಕ್ಷಣಗಳು

ಸೊಳ್ಳೆಯ ಕೋಶವು ಅಲ್ಪವಿರಾಮ ಚಿಹ್ನೆಯಂತೆ ಬಾಗಿರುತ್ತದೆ. ಬೆನ್ನಿನ ಮೇಲೆ ಉಸಿರಾಟಕ್ಕಾಗಿ ಎರಡು ತುತ್ತೂರಿಗಳಿರುತ್ತವೆ; ಬಾಲದ ತುದಿಯಲ್ಲಿ, ನಡುವೆ ನರವಿರುವ ಎರಡು ದುಂಡು ಹುಟ್ಟುಗಳಿರುತ್ತವೆ. ನೀರಿನ ಮೇಲ್ಮೈಯಲ್ಲಿ ತೂಗುತ್ತಿದ್ದು, ನೆರಳು ಬಿದ್ದೊಡನೆ ಉರುಳುತ್ತಾ ಕೆಳಗಿಳಿಯುತ್ತದೆ.

ಕೈರೊನೊಮಸ್ ಜಾತಿಯ ನುಸಿಯ ಕೋಶವು ಬಹುಕಾಲ ಕೆಸರಿನ ಕೊಳವೆಯೊಳಗೇ ಇದ್ದು, ರೆಕ್ಕೆ ಬರುವ ಸಮಯಕ್ಕೆ ಮಾತ್ರ ಮೇಲೇರುತ್ತದೆ. ಇದರ ಉಸಿರಾಟದ ಅಂಗವು ತುತ್ತೂರಿಯಂತಿರದೆ ಬಿಳಿ ಎಳೆಗಳ ಕುಚ್ಚಿನಂತಿರುತ್ತದೆ. ಬಾಲದ ತುದಿಯಲ್ಲಿ ಕೂದಲಿನ ಅಂಚು ಕಾಣುತ್ತದೆ.

ಎಚ್ಚರ ಬೇಕಾದ ಒಂದು ಗುಂಪೂ ಇದೆ. ಟ್ಯಾನಿಪೊಡಿನೇ ಎಂಬ ಉಪಕುಟುಂಬದ ಕಚ್ಚದ ನುಸಿಗಳ ಕೋಶಗಳಿಗೂ ತುತ್ತೂರಿಯಂತಹ ಅಂಗಗಳಿದ್ದು, ಅವೂ ನೀರಿನಲ್ಲಿ ಈಜಾಡುತ್ತವೆ. ಅವುಗಳ ಬಾಲದ ಹಾಲೆಗಳು ಸಾಮಾನ್ಯವಾಗಿ ಮೊನಚಾಗಿರುತ್ತವೆ. ಸೊಳ್ಳೆಯ ದುಂಡು ಹುಟ್ಟು ಅವಕ್ಕಿಲ್ಲ. ಆದುದರಿಂದ ತುತ್ತೂರಿಯನ್ನಷ್ಟೇ ನೋಡಿ ತೀರ್ಮಾನಿಸದೆ ಬಾಲವನ್ನೂ ನೋಡಬೇಕು.

ಪ್ರಭೇದ ತಿಳಿಯುವ ಬಗೆ

ಕಚ್ಚದ ನುಸಿಗಳಲ್ಲಿ ಸಾವಿರಾರು ಪ್ರಭೇದಗಳಿವೆ. ಲಾರ್ವಾದಿಂದ ಅವುಗಳನ್ನು ಬೇರ್ಪಡಿಸುವುದು ಕಷ್ಟ. ಆದರೆ ಕೀಟ ಹಾರಿಹೋದ ಮೇಲೆ ನೀರಿನಲ್ಲಿ ತೇಲುವ ಕೋಶದ ಖಾಲಿ ಪೊರೆಯಲ್ಲಿ ಗುರುತುಗಳು ಸ್ಪಷ್ಟವಾಗಿ ಉಳಿದಿರುತ್ತವೆ. ಹೊಟ್ಟೆಯ ಖಂಡಗಳ ಮೇಲಿನ ಕೊಕ್ಕೆ ಮತ್ತು ಮುಳ್ಳುಗಳ ಸಾಲು, ಎಂಟನೆಯ ಖಂಡದ ಮೂಲೆಯ ಮುಳ್ಳು, ಉಸಿರಾಟದ ಅಂಗದ ಆಕಾರ ಇವುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ತಜ್ಞರು ಪ್ರಭೇದವನ್ನು ನಿರ್ಧರಿಸುತ್ತಾರೆ. ಜರ್ಮನಿಯ ವಿಜ್ಞಾನಿ ಆಗಸ್ಟ್ ಥೀನೆಮಾನ್ 1910ರಲ್ಲಿಯೇ ಈ ಪೊರೆಗಳ ಉಪಯೋಗವನ್ನು ತೋರಿಸಿದ್ದರು. ಯಾವ ಪ್ರಭೇದಗಳಿವೆ ಎಂಬುದರಿಂದ ನೀರಿನ ಮಾಲಿನ್ಯದ ಮಟ್ಟ ತಿಳಿಯುವುದರಿಂದ ಯೂರೋಪಿನಲ್ಲಿ ನದಿ, ಸರೋವರಗಳ ಪರೀಕ್ಷೆಗೆ ಈ ವಿಧಾನ ಬಳಕೆಯಲ್ಲಿದೆ. ಕುಮಾರಧಾರಾ, ಪಯಸ್ವಿನಿ ನದಿಗಳಲ್ಲಿಯೂ ಕಿಂಡಿ ಅಣೆಕಟ್ಟುಗಳ ಹಿನ್ನೀರಿನಲ್ಲಿಯೂ ನೊರೆ, ಕಸ ಸೇರುವ ದಡದಲ್ಲಿ ಇಂತಹ ಪೊರೆಗಳನ್ನು ಹುಡುಕಬಹುದು.

ಸದಸ್ಯರು ಕೈಗೊಳ್ಳಬೇಕಾದ ಕ್ರಮ

1. ನೀರಿನ ಮಾದರಿಯನ್ನು ಬಿಳಿ ತಟ್ಟೆಯಲ್ಲಿ ಹಾಕಿ, ಮೇಲ್ಮೈಯ ಕೋಶಗಳನ್ನೂ ತಳದ ಹುಳುಗಳನ್ನೂ ಬೇರೆಬೇರೆಯಾಗಿ ನೋಡುವುದು.

2. ಸಂದೇಹವಿದ್ದಲ್ಲಿ ಕೋಶಗಳನ್ನು ಗಾಜಿನ ಬಾಟಲಿಗೆ ಹಾಕಿ, ಬಾಯಿಗೆ ತೆಳು ಬಟ್ಟೆ ಬಿಗಿದು ಎರಡು ಮೂರು ದಿನ ಇಡುವುದು. ಹೊರಬಂದ ಕೀಟಕ್ಕೆ ಉದ್ದನೆಯ ಸೊಂಡಿಲಿದ್ದರೆ ಅದು ಸೊಳ್ಳೆ. ಫಲಿತಾಂಶ ಬರುವವರೆಗೆ ಮೂಲ ಸ್ಥಳವನ್ನು ಸೊಳ್ಳೆಯ ತಾಣವೆಂದೇ ಭಾವಿಸುವುದು.

3. ಸೊಳ್ಳೆಯ ಕೋಶ ಕಂಡಲ್ಲಿ ಲಾರ್ವಾನಾಶಕವನ್ನೇ ನಂಬಬಾರದು. ಕೋಶವು ಆಹಾರ ಸೇವಿಸುವುದಿಲ್ಲವಾದ್ದರಿಂದ ಟೆಮೆಫಾಸ್‌ನಂತಹ ಔಷಧಿ ಅದರ ಮೇಲೆ ಪರಿಣಾಮಕಾರಿಯಲ್ಲ. ಎರಡು ದಿನಗಳೊಳಗೆ ಅದು ಹಾರಬಲ್ಲುದು. ಅಡಿಕೆ ಹಾಳೆ, ಟಯರು, ಡ್ರಮ್ಮುಗಳ ನೀರನ್ನು ಅಂದೇ ಒಣನೆಲಕ್ಕೆ ಚೆಲ್ಲಿ, ಗೆರಟೆಗಳನ್ನು ಕವುಚಿ ಹಾಕಿಸುವುದು.

4. ಕುಡಿಯುವ ನೀರಿನ ಟ್ಯಾಂಕಿಯಲ್ಲಿ ಕೆಂಪು ಹುಳು ಕಂಡರೆ ತಳದ ಕೆಸರನ್ನು ತೆಗೆಸಿ, ಗಾಳಿಕಿಂಡಿಗೆ ಸಣ್ಣ ಬಲೆ ಹಾಕಿಸುವುದು. ಕೆಸರು ಉಳಿಸಿ ಬ್ಲೀಚಿಂಗ್ ಪುಡಿ ಮಾತ್ರ ಹಾಕಿದರೆ ಹುಳು ಮರಳಿ ಬರುತ್ತದೆ.

5. ದಂಡದ ಪ್ರಸ್ತಾಪಕ್ಕೆ ಮುನ್ನ ಆರೋಗ್ಯ ಸಿಬ್ಬಂದಿಯಿಂದ ಗುರುತನ್ನು ಖಚಿತಪಡಿಸಿಕೊಳ್ಳುವುದು.

ಕಚ್ಚದ ನುಸಿಯ ಲಾರ್ವಾ ಮತ್ತು ಕೋಶಗಳು ಮೀನುಗಳಿಗೆ ಆಹಾರ. ಹೊಳೆ, ಕೆರೆ, ಮದಗಗಳಲ್ಲಿ ಅವು ಕಂಡಾಗ ಕೀಟನಾಶಕ ಸುರಿಯುವ ಅಗತ್ಯವಿಲ್ಲ. ಕೆಂಪು ಹುಳುಗಳು ಅತಿಯಾಗಿ ಹೆಚ್ಚಿದ್ದಲ್ಲಿ, ಆ ನೀರಿಗೆ ಕೊಳೆ ಎಲ್ಲಿಂದ ಬಂದು ಸೇರುತ್ತಿದೆ ಎಂಬುದನ್ನು ಪತ್ತೆಹಚ್ಚುವುದೇ ಪಂಚಾಯತಿಯ ಕೆಲಸ.