ಮೇಲಿನ ಮಹಡಿಗೆ ಬೇರೆ ಡಿಬಿ

ಮನೆಯ ಮೇಲೊಂದು ಅಂತಸ್ತು ಏರಿಸುವವರು ಸಿಮೆಂಟು, ಕಂಬಿ, ಟೈಲ್ಸ್‌ಗಳ ದರವನ್ನು ನಾಲ್ಕು ಅಂಗಡಿಗಳಲ್ಲಿ ವಿಚಾರಿಸುತ್ತಾರೆ. ವೈರಿಂಗ್ ಮಾತ್ರ ‘ಪಾಯಿಂಟಿಗೆ ಇಷ್ಟು’ ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತದೆ. ಕೆಳಗಿನಿಂದ ಮೇಲಕ್ಕೆ ಹೋಗುವ ಮುಖ್ಯ ಲೈನು ಎಷ್ಟು ದಪ್ಪದ್ದು ಎಂಬುದು ಆ ಲೆಕ್ಕದಲ್ಲಿ ಕಾಣುವುದೇ ಇಲ್ಲ. ಹಣ ಉಳಿಯುವುದೂ ಪೋಲಾಗುವುದೂ ಅಲ್ಲೇ.

ಮೈಸೂರಿನ ತನ್ನ ಮನೆಯ ಮೇಲೆ ಎರಡು ಕೋಣೆ, ಒಂದು ಪುಟ್ಟ ಅಡುಗೆಮನೆ ಕಟ್ಟಿಸಲು ಹೊರಟಾಗ ಈ ಅಂಕಣಕಾರನಿಗೆ ಎಲೆಕ್ಟ್ರಿಷಿಯನ್ ಕೊಟ್ಟ ಸಲಹೆ ಸರಳವಾಗಿತ್ತು: “ಮೇಲಕ್ಕೆ ಬೇರೆ ಡಿಬಿ ಯಾಕೆ ಸಾರ್, ಕೆಳಗಿನದರಲ್ಲೇ ಎರಡು ಎಂಸಿಬಿ ಸೇರಿಸಿ ಲೈನ್ ಎಳೆದುಬಿಡೋಣ.” ಡಿಬಿ ಅಂದರೆ ಎಂಸಿಬಿಗಳೆಂಬ ಸುರಕ್ಷತಾ ಸ್ವಿಚ್ಚುಗಳಿರುವ ಪೆಟ್ಟಿಗೆ. ಮೇಲೆ ಬರೀ ದೀಪ, ಫ್ಯಾನು ಇದ್ದಿದ್ದರೆ ಆ ಸಲಹೆಯೇ ಸಾಕಿತ್ತು. ಆದರೆ ಅಂಕಣಕಾರನ ಹೆಂಡತಿ ಬರೆದ ಪಟ್ಟಿಯಲ್ಲಿ 2,000 ವ್ಯಾಟಿನ ಗೀಸರ್, ಅಷ್ಟೇ ವ್ಯಾಟಿನ ಇಂಡಕ್ಷನ್ ಒಲೆ, 1,600 ವ್ಯಾಟ್ ಎಳೆಯುವ ಒಂದೂವರೆ ಟನ್ನಿನ ಎಸಿ, 1,000 ವ್ಯಾಟಿನ ಇಸ್ತ್ರಿಪೆಟ್ಟಿಗೆ ಇದ್ದವು. ದೀಪ, ಫ್ಯಾನು ಸೇರಿ ಒಟ್ಟು 7,000 ವ್ಯಾಟ್. 230 ವೋಲ್ಟಿನಲ್ಲಿ ಅದು ಸುಮಾರು 30 ಆಂಪ್ಸ್.

ಹಾಗಾಗಿ ಮೇಲಕ್ಕೆ ಬೇರೆ ಡಿಬಿಯೇ ಬಂತು. ಗೀಸರ್, ಎಸಿ, ಅಡುಗೆಮನೆಗೆ ಒಂದೊಂದು ಎಂಸಿಬಿ. ಒಂದು ಬಿದ್ದರೆ ಉಳಿದವು ಉರಿಯುತ್ತಿರುತ್ತವೆ, ಅದನ್ನು ಎತ್ತಲು ರಾತ್ರಿ ಮೆಟ್ಟಿಲಿಳಿದು ಬರಬೇಕಿಲ್ಲ. ಕೆಳಗಿನಿಂದ ಅಲ್ಲಿಗೆ ಹೋಗುವ ಲೈನಿಗೆ 4 ಸ್ಕ್ವೇರ್ ಎಂಎಂ ವೈರ್ ಸಾಕು ಎಂದು ಎಲೆಕ್ಟ್ರಿಷಿಯನ್ ಹೇಳಿದ. 10 ಸ್ಕ್ವೇರ್ ಎಂಎಂ ಹಾಕಿಸಿದ್ದಾಯಿತು. ಹದಿನೈದು ಮೀಟರ್ ದೂರಕ್ಕೆ ಫೇಸು, ನ್ಯೂಟ್ರಲ್ ಎರಡನ್ನೂ ಸೇರಿಸಿದರೆ ಈ ಎರಡು ದಪ್ಪಗಳ ನಡುವಿನ ವ್ಯತ್ಯಾಸ ಸುಮಾರು 1.6 ಕಿಲೋ ತಾಮ್ರ. ಪ್ಲಾಸ್ಟರಿಂಗ್, ಪೇಂಟು ಮುಗಿದ ಗೋಡೆಯನ್ನು ನಾಳೆ ಮತ್ತೆ ಕೊರೆಸುವ ಖರ್ಚಿನ ಮುಂದೆ ಅದು ಏನೇನೂ ಅಲ್ಲ. ಆ ಲೈನಿಗೆ ಕೆಳಗಿನ ಡಿಬಿಯಲ್ಲಿ 32 ಆಂಪ್ಸಿನ ಎಂಸಿಬಿ. ಎಂಸಿಬಿ ಇರುವುದು ವೈರನ್ನು ಕಾಯಲು. ಪದೇ ಪದೇ ಬೀಳುತ್ತದೆಂದು ವೈರ್ ಬದಲಿಸದೆ ದೊಡ್ಡ ಎಂಸಿಬಿ ಹಾಕಿಕೊಳ್ಳುವುದು ಗೋಡೆಯೊಳಗೇ ಬೆಂಕಿಗೆ ದಾರಿ ಮಾಡಿಕೊಟ್ಟಂತೆ.

ವೈರನ್ನು ಧಾರಾಳವಾಗಿ ಹಾಕಬೇಕು, ಮಂಜೂರಾತಿ ಲೋಡನ್ನು ಮಾತ್ರ ಅಳೆದು ಕೇಳಬೇಕು. ವೈರಿಗೆ ದುಡ್ಡು ಒಂದೇ ಸಲ, ಲೋಡಿಗೆ ತಿಂಗಳು ತಿಂಗಳೂ. 2025-26ರ ದರದಂತೆ ಕರ್ನಾಟಕದಲ್ಲಿ ಮನೆಬಳಕೆಯ ನಿಗದಿತ ಶುಲ್ಕ ಕಿಲೋವ್ಯಾಟಿಗೆ 145 ರೂಪಾಯಿ. ಕೆಳಗಿನ 4, ಮೇಲಿನ 7 ಕೂಡಿಸಿ 11 ಕಿಲೋವ್ಯಾಟ್ ಕೇಳಿದ್ದರೆ ತಿಂಗಳಿಗೆ 1,595 ರೂಪಾಯಿ ತೆರಬೇಕಿತ್ತು. ಎಲ್ಲವೂ ಒಟ್ಟಿಗೆ ಓಡುವುದಿಲ್ಲವಲ್ಲ: ಗೀಸರ್ ಬೆಳಿಗ್ಗೆ, ಎಸಿ ರಾತ್ರಿ. ಕರೆಂಟ್ ಬಿಲ್ಲಿನಲ್ಲಿ ದಾಖಲಾದ ಗರಿಷ್ಠ ಬೇಡಿಕೆ, ಅಂದರೆ ಎಂಡಿ, ಮುದ್ರಿತವಾಗಿರುತ್ತದೆ. ಹಳೆಯ ಬಿಲ್ಲುಗಳಲ್ಲಿ ಅದನ್ನು ನೋಡಿ 5 ಕಿಲೋವ್ಯಾಟ್ ಕೇಳಿದ್ದರಿಂದ ನಿಗದಿತ ಶುಲ್ಕ 725 ರೂಪಾಯಿಗೆ ನಿಂತಿತು. ವರ್ಷಕ್ಕೆ 10,440 ರೂಪಾಯಿ ವ್ಯತ್ಯಾಸ! ಬಳಕೆ ಹೆಚ್ಚಿ ಎಂಡಿ ಐದನ್ನು ಮುಟ್ಟಿದಾಗ ಲೋಡ್ ಏರಿಸಿಕೊಳ್ಳಬಹುದು. ಅದಕ್ಕೆ ಗೋಡೆ ಒಡೆಯಬೇಕಿಲ್ಲ.

ಕೆಲಸದ ನಡುವೆ ಒಂದು ತಲೆನೋವು ಎದುರಾಯಿತು. ಮೇಲೂ ಕೆಳಗೂ ಸ್ವಿಚ್ ಇರುವ ಮೆಟ್ಟಿಲ ದೀಪ ಹಾಕಿದ ಕೂಡಲೇ, ಸೋರಿಕೆ ಕಂಡರೆ ಕರೆಂಟು ಕಡಿಯುವ ಆರ್‌ಸಿಸಿಬಿ ಟ್ರಿಪ್ ಆಗುತ್ತಿತ್ತು. ಎಲೆಕ್ಟ್ರಿಷಿಯನ್ ಆರ್‌ಸಿಸಿಬಿಯೇ ಕೆಟ್ಟಿದೆಯೆಂದು ಹೊಸದು ತರಲು ಹೊರಟಿದ್ದ. ಬಾಕ್ಸ್ ಬಿಚ್ಚಿ ನೋಡಿದರೆ ದೀಪಕ್ಕೆ ಫೇಸು ಕೆಳಗಿನ ಡಿಬಿಯಿಂದ, ನ್ಯೂಟ್ರಲ್ ಮೇಲಿನದರಿಂದ ಬಂದಿತ್ತು. ಹೋದ ಕರೆಂಟು ಅದೇ ದಾರಿಯಲ್ಲಿ ವಾಪಸು ಬರದಿದ್ದರೆ ಆರ್‌ಸಿಸಿಬಿ ಅದನ್ನು ಸೋರಿಕೆಯೆಂದೇ ತಿಳಿಯುತ್ತದೆ. 30 ಮಿಲಿಆಂಪ್ಸಿಗೇ ಬೀಳುವಂಥದ್ದು ಅದು. ಎರಡನ್ನೂ ಕೆಳಗಿನ ಡಿಬಿಗೇ ಕೊಟ್ಟ ಮೇಲೆ ಸರಿಹೋಯಿತು. ಎರಡು ಡಿಬಿ ಇರುವ ಮನೆಯಲ್ಲಿ ನ್ಯೂಟ್ರಲ್‌ಗಳು ಬೆರೆಯಬಾರದೆಂದು ಮೊದಲ ದಿನವೇ ಹೇಳಿಬಿಡಬೇಕು.

ಇನ್ನುಳಿದದ್ದು ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯ ಲೆಕ್ಕ. 2022-23ರಲ್ಲಿ ತಿಂಗಳಿಗೆ ಸರಾಸರಿ 120 ಯೂನಿಟ್ ಬಳಸಿದ ಮನೆಗೆ ಶೇ 10 ಸೇರಿ 132 ಯೂನಿಟ್ ಉಚಿತ. ಬಳಕೆ 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಮೇಲಿನ ಮನೆಯನ್ನೂ ಅದೇ ಮೀಟರಿಗೆ ಸೇರಿಸಿದರೆ 200 ದಾಟುವುದು ಸುಲಭ. ಬಾಡಿಗೆಗೆ ಕೊಡುವುದಾದರೆ ಬೇರೆ ಮೀಟರ್, ಅಂದರೆ ಬೇರೆ ಆರ್‌ಆರ್ ನಂಬರ್, ಇದ್ದರೆ ಒಳ್ಳೆಯದು, ಬಾಡಿಗೆದಾರರೇ ಯೋಜನೆಗೆ ಅರ್ಜಿ ಹಾಕಿಕೊಳ್ಳಬಹುದು. ಆದರೆ ಸ್ವಾಧೀನಾನುಭವ ಪತ್ರ, ಅಂದರೆ ಒಸಿ, ಇದ್ದರಷ್ಟೇ ಸಂಪರ್ಕ ಎಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರಿಂದ, ನಕ್ಷೆಗೆ ಅನುಮತಿ ಪಡೆಯುವಾಗಲೇ ಇದನ್ನು ವಿಚಾರಿಸಿಕೊಳ್ಳಬೇಕು. ಅಂಕಣಕಾರನ ಮನೆಯಲ್ಲಿ ಸದ್ಯಕ್ಕೆ ಒಂದೇ ಮೀಟರ್ ಇದೆ. ಮೀಟರ್ ಬೋರ್ಡಿನಿಂದ ಮೇಲಿನ ಡಿಬಿಯವರೆಗೆ ಮುಖ್ಯ ಲೈನಿನ ಪಕ್ಕದಲ್ಲೇ ಒಂದು ಖಾಲಿ ಪೈಪನ್ನೂ ಗೋಡೆಯೊಳಗೆ ಹಾಕಿಸಿದ್ದಾಗಿದೆ. ಎರಡನೇ ಮೀಟರ್ ಬಂದ ದಿನ ಅದರಲ್ಲಿ ವೈರ್ ಎಳೆದರೆ ಸಾಕು.